ಮೈಸೂರು ಝೂಗೆ ಹೊರಟಿದ್ದೀರಾ? ಎಂಟೂವರೆಗೇ ಗೇಟಿನ ಹತ್ತಿರ ಇರಿ

'ಈಗ ಝೂನಲ್ಲಿ ವಿಪರೀತ ರಶ್ಶು ಸಾರ್, ಹನ್ನೆರಡರ ಮೇಲೆ ಹೋಗಿ' ಅಂದರು ಆಟೋದವರು. ನಂಬಿದೆವು. ಒಂದು ರೇಷ್ಮೆ ಸೀರೆ ಅಂಗಡಿ, ಒಂದು ಗಂಧದೆಣ್ಣೆ ಅಂಗಡಿ ಸುತ್ತಿಸಿ ಮಧ್ಯಾಹ್ನ ಗೇಟಿಗೆ ಬಿಟ್ಟರು. ಅವತ್ತು ಶನಿವಾರ. ಒಳಗೆ ಕಾಲಿಡಲು ಜಾಗವಿಲ್ಲ. ಹುಲಿ ನೆರಳಲ್ಲಿ ಮಲಗಿತ್ತು, ಅದನ್ನು ಎಬ್ಬಿಸಲು ಜನ ಕಿರುಚುತ್ತಿದ್ದರು. ಮಗಳು ಕಿವಿ ಮುಚ್ಚಿಕೊಂಡಳು. ಅರ್ಧಕ್ಕೇ ಹೊರಬಂದೆವು.

ಸೋಮವಾರ ಮತ್ತೆ ಹೋದೆವು, ಬೆಳಿಗ್ಗೆ ಎಂಟೂವರೆಗೆ, ಬಾಗಿಲು ತೆಗೆಯುವ ಹೊತ್ತಿಗೆ. ಅದೇ ಝೂ ಅನ್ನಿಸಲೇ ಇಲ್ಲ! ಹುಲಿ ಕಂದಕದ ಅಂಚಿನಲ್ಲೇ ಓಡಾಡುತ್ತಿತ್ತು. ಗೊರಿಲ್ಲಾಗಳ ಮುಂದೆ ನಾವು ಮೂರೇ ಜನ. ಚಿಕ್ಕವನಿದ್ದಾಗ ಇಲ್ಲಿ ಪೋಲೋನನ್ನು ನೋಡಿದ್ದೆ. ವರ್ಷಗಟ್ಟಲೆ ಜೊತೆಯಿಲ್ಲದೆ ಬದುಕಿ 2014ರಲ್ಲಿ ತೀರಿಕೊಂಡ ಗೊರಿಲ್ಲಾ ಅದು. 2021ರಲ್ಲಿ ಜರ್ಮನಿಯಿಂದ ಬಂದ ಥಾಬೋ, ಡೆಂಬಾ ಇಬ್ಬರಿದ್ದಾರೆ. ಒಬ್ಬ ಎದ್ದು ಹೋದರೆ ಇನ್ನೊಬ್ಬ ತಿರುಗಿ ನೋಡುತ್ತಾನೆ. ಅದನ್ನು ನೋಡಿ ನನಗೆ ಎಷ್ಟು ಸಮಾಧಾನವಾಯಿತೋ ಹೇಳಲಾರೆ.

'ಕಾಡಲ್ಲಿ ಗಾಯವಾದ ಚಿರತೆ ಎಲ್ಲಿಗೆ ಹೋಗುತ್ತೆ?' ಅಂತ ಮಗಳು ಕೇಳಿದಳು. ಅದಕ್ಕೆ ಮೈಸೂರಿನ ಹತ್ತಿರದ ಕೂರ್ಗಳ್ಳಿಯಲ್ಲಿ ಇದೇ ಝೂನವರ ಪುನರ್ವಸತಿ ಕೇಂದ್ರವಿದೆ. ಅಲ್ಲಿಗೆ ಪ್ರವಾಸಿಗರನ್ನು ಬಿಡುವುದಿಲ್ಲ, ಬಿಡಬಾರದು ಕೂಡ. ನಮ್ಮ ಟಿಕೆಟ್ ದುಡ್ಡು ಬರೀ ತೋರಿಕೆಗೆ ಹೋಗುವುದಿಲ್ಲ ಅಂತ ಮಕ್ಕಳಿಗೆ ಹೇಳಲು ಅದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ದತ್ತು ಯೋಜನೆಯೂ ಇದೆ. ಆನೆಯೇ ಆಗಬೇಕಿಲ್ಲ, ಪುಟ್ಟ ಹಕ್ಕಿಯ ಖರ್ಚನ್ನೂ ವಹಿಸಿಕೊಳ್ಳಬಹುದು. ಮಗಳು ಆಗಲೇ ಹಕ್ಕಿ ಆರಿಸಿಟ್ಟಿದ್ದಾಳೆ.

ತಿಂಡಿ ಮುಗಿಸಿಯೇ ಒಳಗೆ ಹೋಗಿ. ನಾವು ಉಳಿದಿದ್ದ ಬೀದಿಯ ಕೊನೆಯಲ್ಲಿ ಆರೇ ಬೆಂಚಿನ ಸಣ್ಣ ಹೋಟೆಲ್ ಇತ್ತು, ಬೋರ್ಡೂ ಇಲ್ಲ. ದೋಸೆ ಹತ್ತಿಯ ಹಾಗೆ ಮೆತ್ತಗೆ, ಮೇಲೆ ಕರಗುತ್ತಿರುವ ಬೆಣ್ಣೆ, ಪಕ್ಕದಲ್ಲಿ ಈರುಳ್ಳಿ ಸಾಗು. ಅಜ್ಜಿಯೊಬ್ಬರು ಕೇಳದೆಯೇ ಮಗಳ ತಟ್ಟೆಗೆ ಇನ್ನಷ್ಟು ಬೆಣ್ಣೆ ಹಾಕಿ 'ಜಾಸ್ತಿ ನಡೀಬೇಕಲ್ವಾ ಕಂದಾ' ಅಂದರು. ಮೂವರೂ ಹೊಟ್ಟೆ ತುಂಬ ತಿಂದರೂ ಬಿಲ್ಲು ಆ ಆಟೋ ಬಾಡಿಗೆಯ ಅರ್ಧವೂ ಆಗಲಿಲ್ಲ.

ನಿಜಕ್ಕೂ ಜಾಸ್ತಿಯೇ ನಡೆಯಬೇಕು. ಮೂರು ಗಂಟೆ ಇಟ್ಟುಕೊಳ್ಳಿ. ವಯಸ್ಸಾದವರಿದ್ದರೆ ಬ್ಯಾಟರಿ ಗಾಡಿ ಹತ್ತಿಸಿ. ಪ್ಲಾಸ್ಟಿಕ್ ಚೀಲ ಒಯ್ಯಬೇಡಿ. ಹನ್ನೊಂದರ ಮೇಲೆ ಗದ್ದಲ ಶುರುವಾದರೆ ಪಕ್ಕದ ಕಾರಂಜಿ ಕೆರೆಗೆ ಹೋಗಿ ಸುಮ್ನೆ ಕೂತುಬಿಡಿ. ಮಂಗಳವಾರ ವಾರದ ರಜೆ, ಎರಡಕ್ಕೂ.