ವರದಾಮೂಲದಿಂದ ಬನವಾಸಿವರೆಗೆ ಒಂದು ಹಳ್ಳದ ಹಿಂದೆ

ಸಾಗರ ಪೇಟೆಯಿಂದ ವರದಾಮೂಲ ಆರು ಕಿಲೋಮೀಟರ್ ಅಷ್ಟೇ. ಜೋಗಕ್ಕೆ ಬಂದೋರು ಇಕ್ಕೇರಿ ನೋಡ್ತಾರೆ, ಕೆಳದಿ ನೋಡ್ತಾರೆ, ಇಲ್ಲಿಗೆ ಬರೋರು ಕಮ್ಮಿ. ವರದಾಂಬೆ ಗುಡಿ, ಪಕ್ಕದಲ್ಲಿ ಕೊಳ, ಸುತ್ತ ಅಡಿಕೆ ತೋಟ. ಅಲ್ಲಿಂದ ಹೊರಡೋ ನೀರು ತೋಟದ ಕಾದಿಗೆ, ಅಂದ್ರೆ ಬಸಿಗಾಲುವೆ, ಅದರ ನೀರಿನಷ್ಟೇ ಇದೆ, ಇದೇ ಮುಂದೆ 200 ಕಿಲೋಮೀಟರ್ ದಾಟಿ ಹರಿಯೋ ವರದಾ ನದಿ ಅಂದ್ರೆ ನಂಬೋಕೇ ಆಗಲ್ಲ.

ನಾನು ಬಂದಿದ್ದು ಈ ನೀರು ಯಾವ ಕಡೆ ತಿರುಗತ್ತೆ ಅಂತ ನೋಡೋಕೆ. ಯಾಕಂದ್ರೆ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲೇ ಶರಾವತಿ ಹಿನ್ನೀರು ಇದೆ, ಆ ಕಡೆ ಬಿದ್ದ ಮಳೆ ಲಿಂಗನಮಕ್ಕಿ ಅಣೆಕಟ್ಟು ಸೇರಿ, ಜೋಗದಲ್ಲಿ 253 ಮೀಟರ್ ಇಳಿದು ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರತ್ತೆ, ಈ ಕಡೆ ಬಿದ್ದಿದ್ದು ಉತ್ತರಕ್ಕೆ ಹೋಗಿ ಆಮೇಲೆ ಪೂರ್ವಕ್ಕೆ ತಿರುಗಿ ಹಾವೇರಿ ಜಿಲ್ಲೆ ಗಳಗನಾಥದ ಹತ್ರ ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಎರಡರ ನಡುವೆ ದೊಡ್ಡ ಪರ್ವತ ಏನೂ ಇಲ್ಲ, ಸಣ್ಣ ಗುಡ್ಡ, ತೋಟಕ್ಕೆ ಸೊಪ್ಪು ತರೋ ಸೊಪ್ಪಿನಬೆಟ್ಟ, ಒಂದೆರಡು ಊರು, ಅಷ್ಟೇ. ನಂಗಂತೂ ಜೋಗಕ್ಕಿಂತ ಇದೇ ದೊಡ್ಡ ಆಶ್ಚರ್ಯ ಅನ್ಸತ್ತೆ.

ಹಳ್ಳದ ಪಕ್ಕದಲ್ಲೇ ರೋಡ್ ಇಲ್ಲ, ಹಾಗಾಗಿ ಬೈಕಲ್ಲಿ ಹೋಗ್ತಾ ಸೇತುವೆ ಸಿಕ್ಕಲ್ಲೆಲ್ಲ ನಿಲ್ಸಿ ನೋಡೋದು. ಮೊದಮೊದಲು ನಡೆದು ದಾಟೋ ಸಣ್ಣ ಕಾಲುಸಂಕ ಸಾಕಾಗ್ತಿತ್ತು, ಕಾನಲೆ, ಸೈದೂರು ಕಡೆ ಬಂದ್ರೆ ಎಲ್ಲಾ ಬದಲು, ಎರಡೂ ಕಡೆ ಬರೀ ಗದ್ದೆ ಬಯಲು. ಇಳಿಜಾರೇ ಇಲ್ದೇ ಇರೋದ್ರಿಂದ ಮಳೆಗಾಲದಲ್ಲಿ ನೀರು ಬೇಗ ಮುಂದೆ ಹೋಗಲ್ಲ, ದಡ ಮೀರಿ ಗದ್ದೆ ಮೇಲೆ ಹರಡ್ಕೊಂಡು ನಿಂತ್ಬಿಡತ್ತೆ. ಜೋರು ಮಳೆ ಬಂದ್ರೆ ಬೀಸನಗದ್ದೆ ಥರದ ಊರಿಗೆ ದಾರಿನೇ ಮುಚ್ಚಿಹೋಗತ್ತೆ. ಗದ್ದೆ ಬದಿಯಲ್ಲಿ ಸಿಕ್ಕ ಯಜಮಾನ್ರನ್ನ ಕೇಳ್ದೆ, "ನೆರೆ ಬಂದ್ರೆ ಎಷ್ಟು ದಿನಕ್ಕೆ ಇಳಿಯತ್ತೆ?" ಅಂತ. "ಬಂದಿದ್ದು ಬಂದಂಗೇ ಹೋದ್ರೆ ಏನೂ ಆಗಲ್ಲ ಮಾರಾಯ್ರೆ, ಕೂತ್ಕಂಡ್ರೆ ಸಸಿ ಕೊಳೀತದೆ, ಮತ್ತೆ ನೆಡ್ಬೇಕು" ಅಂದ್ರು. ಈ ಕಷ್ಟ ಪ್ರತಿ ಸಲ ಎರಡು ದಿನದ ಸುದ್ದಿಯಾಗಿ ಮುಗಿಯೋದು ನೋಡಿ ಬೇಜಾರಾಗತ್ತೆ.

ಬನವಾಸಿ ಹತ್ರ ಬರೋ ಹೊತ್ತಿಗೆ ಇದು ಪೂರ್ತಿ ನದಿ. ಊರನ್ನ ಮೂರು ಕಡೆಯಿಂದ ಬಳಸ್ಕೊಂಡು ಹೋಗತ್ತೆ, ಕದಂಬರು ರಾಜಧಾನಿಗೆ ಈ ಜಾಗನೇ ಯಾಕೆ ಆರಿಸ್ಕೊಂಡ್ರು ಅಂತ ಇಲ್ಲಿ ನಿಂತ್ರೆ ಗೊತ್ತಾಗತ್ತೆ, ನೀರೂ ಉಂಟು, ಕಾವಲೂ ಉಂಟು, ಸುತ್ತ ಭತ್ತ ಬೆಳೆಯೋ ಬಯಲೂ ಉಂಟು. ಮಧುಕೇಶ್ವರ ದೇವಸ್ಥಾನ ನೋಡಿ ಹಾಗೇ ವಾಪಸ್ ಹೋಗ್ಬೇಡಿ, ಹೊಳೆ ದಡಕ್ಕೂ ಹೋಗಿ.

ಬೇಡ್ತಿ ನದಿ ನೀರನ್ನ ವರದೆಗೆ ತಿರುಗಿಸೋ ಯೋಜನೆ ಬಗ್ಗೆ ಶಿರಸಿ, ಯಲ್ಲಾಪುರದ ಕಡೆ ವಿರೋಧ ಇದೆ, ಹಾವೇರಿ ಕಡೆ ಬೇಡಿಕೆ ಇದೆ. ಮಾತಾಡೋ ಮೊದಲು ಯಾರೇ ಆಗ್ಲಿ ಈ ಹಳ್ಳದ ದಾರಿ ಹಿಡಿದು ಒಂದ್ಸಲ ಬರ್ಬೇಕು, ಅದೂ ಜುಲೈನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಇನ್ನೊಮ್ಮೆ.