ಇಂಡಿ ಕಾಕಾ ಕಲಿಸಿದ ಪಾಠ

ನಾ ವಿಜಯಪುರದಾಗ ಸ್ಪೀಚ್ ಥೆರಪಿಸ್ಟ್. ಹೊಸದಾಗಿ ಸೇರಿದಾಗ ಚಿತ್ರದ ಕಾರ್ಡ್ ತೋರಸೂದು, ಎಷ್ಟು ಸರಿ ಹೇಳಿದ್ರು ಎಣಸೂದು, 'ಹೆಸರು ಹೇಳೂದ್ರಾಗ ತೊಂದ್ರಿ ಐತಿ' ಅಂತ ಬರದು ಫೈಲ್ ಮುಚ್ಚೂದು, ಇಷ್ಟ ಮಾಡ್ತಿದ್ದೆ. ಅದನ್ನ ಬಿಡಿಸಿದವ್ರು ಇಂಡಿ ಕಡೆ ಒಬ್ಬ ರೈತ ಕಾಕಾ.

ಹರ್ಪಿಸ್ ವೈರಸ್ಸಿನ ಮೆದುಳು ಜ್ವರದಿಂದ ಉಳಕೊಂಡು ಬಂದವ್ರು. ಮಾತು ಸರಳ, ಕಣ್ಣೂ ಚಲೋ ಇದ್ವು, ಆದ್ರ ಅರ್ಧಕ್ಕರ್ಧ ಕಾರ್ಡ್ ತಪ್ಪು. ಆಗ ಅವ್ರ ಹೆಂಡ್ತಿ, ಕಾಕು, 'ನಾಟಕಾ ಮಾಡ್ತಾರ್ರೀ ಮೇಡಂ, ಕುಡಗೋಲು ಗೊತ್ತಾಗ್ತೈತಿ, ಮನ್ಯಾಗಿನ ಎತ್ತು ಗೊತ್ತಾಗೂದಿಲ್ಲೇನು' ಅಂತ ಕಣ್ಣೀರು ತಗದ್ರು, ಆ ಮಾತು ಕೇಳಿನ ನಾ ಕಾರ್ಡ್ ಗುಂಪು ಮಾಡಿ ಇಟ್ಟೆ. ಕುಡಗೋಲು, ಕೊಡ್ಲಿ, ಚಾವಿ, ಸೈಕಲ್ ಎಲ್ಲಾ ಸರಿ. ಎಮ್ಮಿ, ನವಿಲು, ಬದನಿಕಾಯಿ ಎಲ್ಲಾ ತಪ್ಪು. ಬಾರಕೋಲು ಅಂದ್ರೇನು ಕಾಕಾ ಅಂದೆ. 'ಎತ್ತಿಗೆ ಹೊಡಿಯೂದು' ಅಂದ್ರು ಗಕ್ಕನ. ಎತ್ತು ಅಂದ್ರ? ಸ್ವಲ್ಪ ಹೊತ್ತು ಸುಮ್ನಿದ್ದು, 'ಯಾವುದೋ ಪ್ರಾಣಿ ಇರಬೇಕ್ರಿ.' ಮರುದಿನ ಕಾಕು ತಮ್ಮ ತ್ವಾಟದ್ದ ನಿಂಬಿಕಾಯಿ ತಂದು ಕೈಯಾಗ ಇಟ್ರು. ಕಾಕಾ ಹೆಬ್ಬೆರಳಿಂದ ಒತ್ತಿದ್ರು, ಮೂಸಿದ್ರು, ಹಳದಿ ಐತಿ ಅಂದ್ರು, ಅಷ್ಟ.

1984ರಾಗ ಎಲಿಜಬೆತ್ ವಾರಿಂಗ್ಟನ್, ಟಿಮ್ ಶಾಲಿಸ್ ಅನ್ನೋ ಸಂಶೋಧಕರು ಇದ ಜ್ವರದಿಂದ ಎದ್ದ ನಾಲ್ಕು ಮಂದಿ ಬಗ್ಗೆ ಬರದಾರ, ಅವ್ರಿಗೂ ಪ್ರಾಣಿ, ತಿನ್ನೂ ಪದಾರ್ಥದ ಗುರುತು ಹೋಗಿತ್ತು, ಸಾಮಾನಿಂದು ಉಳದಿತ್ತು. ಪ್ರಾಣಿ ಹೆಸರು ಮೊದ್ಲ ಕಷ್ಟ ಅದಕ್ಕ ಅಂತ ಅನ್ನಾಕ ಬರೂದಿಲ್ಲ, ಯಾಕಂದ್ರ ಸಾಮಾನು ಹೋಗಿ ಪ್ರಾಣಿ ಉಳದ ಪೇಷಂಟೂ ಸಿಕ್ಕಾರ. ಪ್ರಾಣಿ, ಹಣ್ಣು ಬಣ್ಣ-ಆಕಾರದಿಂದ ಗುರುತು ಸಿಗ್ತಾವ, ಸಾಮಾನು ಅದರ ಉಪಯೋಗದಿಂದ ಅಂತ ವಾರಿಂಗ್ಟನ್, ಶಾಲಿಸ್ ವಾದ. ಒಬ್ಬ ಪೇಷಂಟಿಗೆ ವಾದ್ಯಗಳೂ ಹೋಗಿದ್ವು, ಮೈ ಅಂಗಗಳು ಮಾತ್ರ ಉಳದಿದ್ವು, ಅಂದ್ರ ಬರೇ ಜೀವ ಇದ್ದದ್ದು ಇಲ್ಲದ್ದು ಅನ್ನೋ ಗೆರಿ ಅಲ್ಲ ಇದು. 1998ರಾಗ ಕರಮಾಜಾ, ಶೆಲ್ಟನ್ ಅನ್ನೋ ಸಂಶೋಧಕರು ಬ್ಯಾರೆ ಹೇಳಿದ್ರು, ಪ್ರಾಣಿ, ಗಿಡ ಗುರುತಿಸೂದು ಬದುಕಾಕ ಬೇಕಾಗಿತ್ತು, ಅದಕ್ಕ ಮೆದುಳಿನಾಗ ಅವಕ್ಕ ಬ್ಯಾರೆನ ಜಾಗ ಆಗೈತಿ ಅಂತ. ಆ ಜಗಳ ಇನ್ನೂ ಮುಗದಿಲ್ಲ, ನನಗರ ಮೊದಲಿನ ಮಾತ ಕೆಲಸಕ್ಕ ಬಂತು.

ಈಗ ಟೋಟಲ್ ಒಂದ ಬರಿಯೂದಿಲ್ಲ, ಗುಂಪು ಗುಂಪು ಬ್ಯಾರೆ ಬರೀತೀನಿ. ಸ್ಟ್ರಾಬೆರಿ, ಕಾಂಗರೂ ಕಾರ್ಡ್ ತಗದ ಹಾಕೀನಿ, ನೋಡದ್ದ ಕೇಳಿದ್ರ ಯಾರಿಗೆ ಗೊತ್ತಾಗ್ಬೇಕ್ರಿ. ಕಾಕುಗೆ ಕೂಡಿಸಿಕೊಂಡು ಇದು ನಾಟಕಾ ಅಲ್ಲ ಅಂತ ತಿಳಿಸಿ ಹೇಳ್ದೆ, ಜ್ವರ ಕಿವಿ ಹತ್ರದ ಮೆದುಳಿನ ಭಾಗ ತಿಂದೈತಿ ಅಂತ. ನೊಗ, ಬಾರಕೋಲು ಗೊತ್ತಿದ್ದಾವಲ್ಲ, ಅಲ್ಲಿಂದ ಶುರು ಮಾಡೀವಿ. ದಿನಾ ಮುಂಜಾನೆ ಕಾಕು ಅವ್ರನ್ನ ಎತ್ತಿನ ಮುಂದ ನಿಂದ್ರಿಸಿ, ನೊಗ ಕೈಯಾಗ ಕೊಟ್ಟು, 'ಇದನ್ನ ಹೊರೂದು ಇದ ನೋಡ್ರಿ' ಅಂತ ಹೇಳಿಕೊಡ್ತಾರ.