ಬಿಳಿ ಪೆಟ್ಟಿಗೆಯಲ್ಲಿ ಬಂದ ಡಿ750

ಭಾನುವಾರ, 10 ಆಗಸ್ಟ್ 2025

ಕ್ಯಾಮೆರಾ ಬಂತು. ನಿಕಾನ್ ಡಿ750, ರಿಫರ್ಬಿಷ್ಡ್, ಅಂದರೆ ಬಳಸಿದ್ದನ್ನು ಪರೀಕ್ಷಿಸಿ, ಸರಿಪಡಿಸಿ ಮತ್ತೆ ಮಾರಿದ್ದು. ಜೊತೆಗೆ 85 ಮಿ.ಮೀ. ಎಫ್/1.8ಡಿ ಲೆನ್ಸ್, ಅದೂ ಯಾರದೋ ಕೈ ದಾಟಿ ಬಂದದ್ದೇ. ಪೆಟ್ಟಿಗೆ ಬರೀ ಬಿಳಿ, ಮೇಲೊಂದು ಸೀರಿಯಲ್ ನಂಬರ್. ಒಳಗಿನ ಚೀಟಿಯಲ್ಲಿ ಮಾಡಿದ ಕೆಲಸಗಳ ವಿವರ: ಸೆನ್ಸರ್ (ಚಿತ್ರ ಮೂಡುವ ಭಾಗ) ಸ್ವಚ್ಛಗೊಳಿಸಿದೆ, ಹಿಡಿಕೆಯ ರಬ್ಬರ್ ಬದಲಿಸಿದೆ, ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಹೊಸದು ಹಾಕಿದೆ, ಆಟೋಫೋಕಸ್ ಪರೀಕ್ಷಿಸಿದೆ. ಕೆಳಗೊಂದು ಸಹಿ, ಆರು ತಿಂಗಳ ಗ್ಯಾರಂಟಿ.

ಭಾವಮೈದುನ ನೋಡಿದವನೇ, "ಭಾವ, ಇನ್ನೊಬ್ರು ಬೇಡ ಅಂತ ಬಿಟ್ಟಿದ್ದನ್ನ ದುಡ್ಡು ಕೊಟ್ಟು ತಂದ್ರಾ?" ಅಂದ. ಹೌದು, ತಂದಿದ್ದೇನೆ. ಬಿಟ್ಟವರೆಲ್ಲ ಕೆಟ್ಟಿದೆ ಅಂತಲೇ ಬಿಟ್ಟಿರುವುದಿಲ್ಲವಲ್ಲ. 2018ರಲ್ಲಿ ನಿಕಾನ್ ತನ್ನ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳಿಗೆ ಝಡ್ ಮೌಂಟ್, ಅಂದರೆ ಲೆನ್ಸ್ ಕೂರಿಸುವ ಹೊಸ ವ್ಯವಸ್ಥೆ ತಂದಿತು, ಅದೇ ವರ್ಷ ಕ್ಯಾನನ್ ಆರ್‌ಎಫ್ ತಂದಿತು. ಆಮೇಲೆ ಡಿ750ರಂಥ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಇದ್ದವರು ಒಬ್ಬೊಬ್ಬರಾಗಿ ಮಿರರ್‌ಲೆಸ್ ಕಡೆ ಹೊರಟರು. ಹೋಗುವಾಗ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಲೆನ್ಸು ಎಲ್ಲ ಮಾರಿ ಹೋದರು. ಅವರ ಅವಸರವೇ ನನಗೆ ಲಾಭ.

ಡಿ750 ಹೊರಬಂದದ್ದು 2014ರಲ್ಲಿ. ಇಷ್ಟು ಹಳೆಯದು ಸಾಕಾಗುತ್ತದೆಯೇ ಎಂಬ ಪ್ರಶ್ನೆಗೆ ನನ್ನ ಲೆಕ್ಕ ಸರಳ. ಎ3 ಅಳತೆಯ ಪ್ರಿಂಟನ್ನು ಇಂಚಿಗೆ 300 ಚುಕ್ಕೆಯಂತೆ ತೆಗೆಯಲು ಸುಮಾರು 17.4 ಮೆಗಾಪಿಕ್ಸೆಲ್ ಬೇಕು. ಇದರಲ್ಲಿರುವುದು 24. ಎ3ಗಿಂತ ದೊಡ್ಡದು ನಾನು ಹಾಕಿಸುವುದಿಲ್ಲ, ಹಾಕಿಸಿದರೂ ಅದನ್ನು ಯಾರೂ ಮೂಗು ತಾಗಿಸಿ ನೋಡುವುದಿಲ್ಲ.

ಇದೇ ಮಾದರಿ ಬೇಕು ಅಂತ ಹಟ ಹಿಡಿಯಲು ಬೇರೆ ಕಾರಣವಿದೆ. ಡಿ750ರಲ್ಲಿರುವ ನಿಕಾನ್ ಎಫ್ ಮೌಂಟ್ ಶುರುವಾದದ್ದು 1959ರಲ್ಲಿ. ಹೆಸರಿನ ಕೊನೆಗೆ 'ಡಿ' ಇರುವ ಹಳೆಯ ಆಟೋಫೋಕಸ್ ಲೆನ್ಸುಗಳಲ್ಲಿ ಹೆಚ್ಚಿನವಕ್ಕೆ ತಮ್ಮದೇ ಮೋಟಾರ್ ಇಲ್ಲ. ಬಾಡಿಯೊಳಗಿನ ಮೋಟಾರು ಸಣ್ಣ ಸ್ಕ್ರೂ ಒಂದನ್ನು ತಿರುಗಿಸಿ ಫೋಕಸ್ ಮಾಡಬೇಕು. ಡಿ750ರಲ್ಲಿ ಆ ಮೋಟಾರ್ ಇದೆ. ನಿಕಾನಿನ ಮಿರರ್‌ಲೆಸ್ ಕ್ಯಾಮೆರಾಗೆ ಎಫ್‌ಟಿಝಡ್ ಅಡಾಪ್ಟರ್ (ಎಫ್ ಲೆನ್ಸನ್ನು ಝಡ್ ಮೌಂಟಿಗೆ ಕೂರಿಸುವ ಜೋಡಣೆ) ಹಾಕಿದರೂ ಈ ಲೆನ್ಸುಗಳು ಕೂರುತ್ತವೆ, ಫೋಕಸ್ ಮಾತ್ರ ಕೈಯಲ್ಲೇ. 1977ರ ನಂತರದ ಎಐ ಎಂಬ ಬಗೆಯ ಲೆನ್ಸುಗಳಿಗೂ ಡಿ750 ಬೆಳಕು ಅಳೆದು ಕೊಡುತ್ತದೆ. ಅದಕ್ಕಿಂತ ಹಿಂದಿನವು, ಮಾರ್ಪಾಡು ಮಾಡಿಸದೇ ಇದ್ದರೆ, ಹತ್ತಿರ ತರುವುದೂ ಬೇಡ. ಮೌಂಟಿನ ಅಂಚಿನ ಪುಟ್ಟ ಕೊಂಡಿ ಮುರಿಯಬಹುದು.

ಬೆಳಗ್ಗೆಯಿಂದ ಪರೀಕ್ಷೆಯದ್ದೇ ಕೆಲಸ. ಚೀಟಿಯನ್ನು ನಂಬಿ ಸುಮ್ಮನೆ ಕೂರುವಂತಿಲ್ಲ, ವಾಪಸ್ ಕಳಿಸುವ ಅವಕಾಶ ಇರುವುದೇ ಕೆಲವು ದಿನ.

ಮೊದಲು ಶಟರ್ ಕೌಂಟ್, ಅಂದರೆ ಶಟರ್ ಎಷ್ಟು ಸಲ ತೆರೆದು ಮುಚ್ಚಿದೆ ಎಂಬ ಲೆಕ್ಕ. ನಿಕಾನಿನಲ್ಲಿ ಇದು ಸುಲಭ: ಒಂದು ಫೋಟೊ ತೆಗೆದು ಅದರ ಎಕ್ಸಿಫ್ ಮಾಹಿತಿ (ಫೋಟೊ ಜೊತೆಗೇ ಉಳಿಯುವ ವಿವರ) ತೆರೆದರೆ ಸಂಖ್ಯೆ ಅಲ್ಲೇ ಇರುತ್ತದೆ. ಕ್ಯಾನನ್ನಿನ ಬಹಳಷ್ಟು ಮಾದರಿಗಳಲ್ಲಿ ಫೋಟೊದೊಳಗೆ ಸಿಗುವುದಿಲ್ಲ, ಯುಎಸ್‌ಬಿ ಹಾಕಿ ಬೇರೆ ಸಾಫ್ಟ್‌ವೇರಿನಿಂದ ಓದಬೇಕು. ನನ್ನದು ನಲವತ್ತು ಸಾವಿರದ ಆಚೀಚೆ. ಡಿ750ರ ಶಟರನ್ನು ಕಂಪನಿ ಪರೀಕ್ಷಿಸಿರುವುದು 1,50,000 ಕ್ಲಿಕ್‌ಗೆ. ಆ ಗಡಿ ದಾಟಿಯೂ ನಡೆಯುವವು ಇವೆ, ಮೊದಲೇ ಕೈಕೊಡುವವೂ ಇವೆ.

ಎಲ್ಲರೂ ಶಟರ್ ಕೌಂಟ್ ಒಂದನ್ನೇ ಕೇಳುತ್ತಾರೆ. ನನಗೆ ಅದರ ಮೇಲೆ ಅಂಥ ಭಕ್ತಿ ಇಲ್ಲ. ವಿಡಿಯೊ ತೆಗೆಯುವಾಗ ಶಟರ್ ತೆರೆದೇ ಇರುತ್ತದೆ. ಗಂಟೆಗಟ್ಟಲೆ ಸೆನ್ಸರ್ ಬಿಸಿಯಾದರೂ ಕೌಂಟ್ ಅಲುಗುವುದಿಲ್ಲ. ಮಿರರ್‌ಲೆಸ್‌ನಲ್ಲಿ ಎಲೆಕ್ಟ್ರಾನಿಕ್ ಶಟರ್ ಬಳಸಿದವರ ಕಥೆಯೂ ಅದೇ. ಹಾಗಾಗಿ ಮೈ ನೋಡಬೇಕು. ಫ್ಲ್ಯಾಶ್ ಕೂರುವ ಹಾಟ್ ಶೂನಲ್ಲಿ ಬಣ್ಣ ಕಿತ್ತು ಲೋಹ ಹೊಳೆಯುತ್ತಿದೆಯೇ? ಟ್ರೈಪಾಡ್ ಸ್ಕ್ರೂ ಸುತ್ತ ಗೀರುಗಳಿವೆಯೇ? ಡಯಲ್ ಮೇಲಿನ ಅಕ್ಷರ ಸವೆದಿದೆಯೇ? ಕೌಂಟ್ ಕಡಿಮೆ, ಮೈ ಮಾತ್ರ ಜರ್ಜರಿತ ಎಂದಾದರೆ ಏನೋ ಹೊಂದುತ್ತಿಲ್ಲ. ಒಂದೋ ಸಿಕ್ಕಾಪಟ್ಟೆ ವಿಡಿಯೊ ನಡೆದಿದೆ, ಒಂದೋ ಒಳಗೆ ಏನೋ ಬದಲಾಗಿದೆ. ಸ್ಕ್ರೂಗಳ ತಲೆಯನ್ನೂ ನೋಡುತ್ತೇನೆ, ಅಳತೆಗೆ ಸರಿಯಿಲ್ಲದ ಸ್ಕ್ರೂಡ್ರೈವರ್ ಹಾಕಿ ತಿರುಚಿದ ಗುರುತು ಅಡಗುವುದಿಲ್ಲ. ನನ್ನದರಲ್ಲಿ ಹಾಟ್ ಶೂ ಸ್ವಲ್ಪ ಸವೆದಿದೆ, ನಲವತ್ತು ಸಾವಿರಕ್ಕೆ ಅಷ್ಟು ನ್ಯಾಯ.

ಡಿ750 ಕೊಳ್ಳುವವರು ಅದರ ಪೂರ್ವಾಪರ ತಿಳಿದಿರಬೇಕು. ಮೊದಲು ತಯಾರಾದ ಕೆಲವು ಬಾಡಿಗಳಲ್ಲಿ ಬೆಳಕಿಗೆ ಎದುರಾಗಿ ತೆಗೆದಾಗ ಫ್ಲೇರ್ (ಚಿತ್ರದ ಮೇಲೆ ಹರಡುವ ಬೆಳಕಿನ ಛಾಯೆ) ಅಸಹಜವಾಗಿ ಕತ್ತರಿಸಿದಂತೆ ಬರುತ್ತಿತ್ತು. ಆಮೇಲೆ 2015ರಲ್ಲಿ ಶಟರ್ ಬಗ್ಗೆಯೂ ಸೂಚನೆ ಬಂತು. ಎರಡನ್ನೂ ನಿಕಾನ್ ಉಚಿತವಾಗಿ ಸರಿಮಾಡಿಕೊಟ್ಟಿತು. ಫ್ಲೇರ್ ತೊಂದರೆ ನೀಗಿದ ಬಾಡಿಯ ಟ್ರೈಪಾಡ್ ಸ್ಕ್ರೂ ಹೋಗುವ ರಂಧ್ರದೊಳಗೆ ಒಂದು ಕಪ್ಪು ಚುಕ್ಕೆ ಇರುತ್ತದೆ. ನನ್ನದರಲ್ಲಿ ಇದೆ! ಟಾರ್ಚ್ ಬಿಟ್ಟು ಅದನ್ನು ಕಂಡಾಗ ಆದ ಖುಷಿ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಇದಕ್ಕೂ ಹಿಂದಿನ ಡಿ600ರದ್ದು ಸೆನ್ಸರ್ ಮೇಲೆ ಕಲೆ ಬೀಳುವ ತೊಂದರೆ. ಅದರ ಶಟರ್ ಬದಲಾಗಿದ್ದರೆ ಕೊಳ್ಳಬಹುದು, ಇಲ್ಲವಾದರೆ ನಾನಂತೂ ಕೈಹಾಕುವುದಿಲ್ಲ.

ಸೆನ್ಸರ್ ಪರೀಕ್ಷೆಗೆ ಬಿಳಿ ಗೋಡೆ ಸಾಕು. ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ) ಎಫ್/16ಕ್ಕೆ ಕಿರಿದು ಮಾಡಿ, ಫೋಕಸ್ ಬೇಕೆಂದೇ ಕೆಡಿಸಿ ಒಂದು ಚಿತ್ರ. ದೂಳಿದ್ದರೆ ಬೂದು ಚುಕ್ಕೆಗಳಾಗಿ ಬರುತ್ತದೆ, ಒರೆಸಿದರೆ ಹೋಗುತ್ತದೆ. ಒರೆಸಿದರೂ ಹೋಗದ ಗೆರೆ, ಬಣ್ಣದ ಪಟ್ಟೆ ಕಂಡರೆ ಅದು ಬೇರೆ. ವೇದಿಕೆಯ ಲೇಸರ್ ಬೆಳಕು ನೇರ ಬಿದ್ದು ಸುಟ್ಟ ಸೆನ್ಸರುಗಳಿವೆ, ಅವಕ್ಕೆ ಮದ್ದಿಲ್ಲ. ಆಮೇಲೆ ಲೆನ್ಸಿನ ಮುಚ್ಚಳ ಹಾಕಿ 30 ಸೆಕೆಂಡಿನ ಎಕ್ಸ್‌ಪೋಶರ್. ಕತ್ತಲೆಯಲ್ಲೂ ಹೊಳೆಯುವ ಪಿಕ್ಸೆಲ್ ಎಲ್ಲಿವೆ ಎಂದು ನೂರಕ್ಕೆ ನೂರು ಹಿಗ್ಗಿಸಿ ಹುಡುಕಿದೆ. ಒಂದೆರಡು ಇವೆ. ಹೊಸ ಕ್ಯಾಮೆರಾದಲ್ಲೂ ಇರುತ್ತವೆ ಬಿಡಿ.

ಲೆನ್ಸಿಗೆ ಹೆಚ್ಚು ಹೊತ್ತು ಹಿಡಿಯಿತು. ಅಪರ್ಚರ್ ರಿಂಗ್ ಎಫ್/1.8ರಲ್ಲಿಟ್ಟು, ಅಂದರೆ ಕಿಂಡಿ ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಟ್ಟು ನೋಡಬೇಕು. ನಾಲ್ಕಾರು ದೂಳಿನ ಕಣ ಲೆಕ್ಕಕ್ಕಿಲ್ಲ, ಚಿತ್ರದಲ್ಲಿ ಕಾಣುವುದೇ ಇಲ್ಲ. ಹೆದರಬೇಕಾದದ್ದು ಜೇಡರ ಬಲೆಯಂಥ ಎಳೆಗಳಿಗೆ. ಅದು ಫಂಗಸ್, ಒದ್ದೆ ಹವೆಯಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟ ಲೆನ್ಸಿನ ಬೂಷ್ಟು. ಬಿಚ್ಚಿ ತೊಳೆದರೂ ಗಾಜಿನ ಕೋಟಿಂಗನ್ನು ತಿಂದ ಗುರುತು ಉಳಿದುಬಿಡಬಹುದು. ಗಾಜಿನ ಮೇಲೆಲ್ಲ ತೆಳು ಮಂಜಿನಂತೆ ಕಂಡರೆ ಹೇಜ್. ಎದುರು ಬೆಳಕಿನಲ್ಲಿ ಚಿತ್ರದ ಕಪ್ಪೆಲ್ಲ ತೊಳೆದು ಹೋಗುತ್ತದೆ. ಮುಂಗಾಜಿನ ಸಣ್ಣ ಗೀರಿಗೆ ಜನ ವಿಪರೀತ ಹೆದರುತ್ತಾರೆ. ಹಿಂಗಾಜಿನ ಗೀರು ಅದಕ್ಕಿಂತ ಕೆಟ್ಟದ್ದು. ಮುಂದೆ ಗೀರಿದೆ ಅಂತ ಬೆಲೆ ಇಳಿಸಿದ ಲೆನ್ಸ್ ಸಿಕ್ಕರೆ ನಾನು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತೇನೆ.

ಆಮೇಲೆ ಅಪರ್ಚರ್ ರಿಂಗನ್ನು 16ಕ್ಕೆ ತಿರುಗಿಸಿ, ಹಿಂದಿನ ಸಣ್ಣ ಕಡ್ಡಿಯನ್ನು ಬೆರಳಿಂದ ತಳ್ಳಿ ಬಿಟ್ಟೆ. ಕಿಂಡಿಯ ಲೋಹದ ಎಲೆಗಳು ಟಪ್ಪೆಂದು ಮುಚ್ಚಿಕೊಳ್ಳಬೇಕು. ನಿಧಾನವಾದರೆ ಎಣ್ಣೆ ಇಳಿದಿದೆ ಅಂತಲೇ ಅರ್ಥ, ಎಫ್/8ರಲ್ಲಿ ತೆಗೆದದ್ದೂ ಬೆಳ್ಳಗೆ ಬರುತ್ತದೆ. ಇವು ಚುರುಕಾಗಿವೆ. ಅಂದಹಾಗೆ, ಇಂಥ ಲೆನ್ಸ್ ಹಾಕಿದಾಗ ರಿಂಗ್ 16ರಲ್ಲಿ ಲಾಕ್ ಆಗಿರದಿದ್ದರೆ ಕ್ಯಾಮೆರಾ 'ಎಫ್ಇಇ' ಎಂದು ತೋರಿಸಿ ಕೆಲಸ ನಿಲ್ಲಿಸುತ್ತದೆ. ಅದು ಕೆಟ್ಟದ್ದಲ್ಲ, ರಿಂಗ್ ತಿರುಗಿಸಿದರೆ ಆಯಿತು.

ಫೋಕಸ್ ಸ್ವಲ್ಪ ಹಿಂದಕ್ಕೆ ಬೀಳುತ್ತಿತ್ತು. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಸೆನ್ಸರ್ ಬೇರೆ, ಚಿತ್ರ ಮೂಡುವ ಸೆನ್ಸರ್ ಬೇರೆ. ಎರಡರ ನಡುವೆ ಕೂದಲೆಳೆ ವ್ಯತ್ಯಾಸವಾದರೂ ಎಫ್/1.8ರಲ್ಲಿ ಕಣ್ಣಿನ ಬದಲು ಕಿವಿ ಸ್ಪಷ್ಟವಾಗುತ್ತದೆ. ಸರಿಪಡಿಸಲು ಮೆನುವಿನಲ್ಲಿ ಎಎಫ್ ಫೈನ್ ಟ್ಯೂನ್ ಇದೆ, -20ರಿಂದ +20ರವರೆಗೆ. ನನಗೆ -4 ಸಾಕಾಯಿತು. 15ರ ಆಚೆ ಹೋಗಿದ್ದರೆ ಎರಡನ್ನೂ ಪೆಟ್ಟಿಗೆಗೆ ಹಾಕಿ ವಾಪಸ್ ಕಳಿಸುತ್ತಿದ್ದೆ.

ನಾನು ಹೆಚ್ಚು ಒದ್ದಾಡಿದ್ದು ಯಾರಿಂದ ಕೊಳ್ಳಬೇಕು ಎಂಬುದಕ್ಕೇ. ಕಂಪನಿಯೇ ರಿಫರ್ಬಿಷ್ ಮಾಡಿದ್ದಾದರೆ ಅಸಲಿ ಬಿಡಿಭಾಗ, ಅಳತೆಯ ಸಲಕರಣೆ, ತರಬೇತಾದ ಕೈ ಎಲ್ಲ ಇರುತ್ತವೆ. ಇಂಥ ಹಳೆಯ ಮಾದರಿ ಆ ದಾರಿಯಲ್ಲಿ ಸಿಗುವುದು ಕಷ್ಟ. ಹಾಗಾಗಿ ಅಂಗಡಿಯದ್ದೇ ಗತಿ. ಅಂಗಡಿಗಳಲ್ಲಿ ಬಟ್ಟೆಯಿಂದ ಒರೆಸಿ ಚೀಟಿ ಅಂಟಿಸುವವರೂ ಇದ್ದಾರೆ, ಮೇಜಿನ ಮೇಲೆ ಬಿಚ್ಚಿ ನೋಡುವವರೂ ಇದ್ದಾರೆ. ಮಾತಿನಲ್ಲಿ ಇಬ್ಬರೂ ಒಂದೇ. ನಾನು ಕೇಳಿದ್ದು ಇಷ್ಟೇ: ಈ ಕ್ಯಾಮೆರಾಗೆ ಏನೇನು ಮಾಡಿದ್ದೀರಿ, ಬರೆದು ಕೊಡುತ್ತೀರಾ? ಒಬ್ಬರು "ಎಲ್ಲಾ ಚೆಕ್ ಮಾಡಿದೀವಿ ಸರ್, ಹೊಸದರ ಥರಾನೇ ಇದೆ" ಅಂದರು. ಇನ್ನೊಬ್ಬರು ಮೇಲಿನ ಚೀಟಿ ಕಳಿಸಿದರು, ಜೊತೆಗೆ ಹಾಟ್ ಶೂ ಸವೆತದ ಫೋಟೊವನ್ನೂ ತಾವಾಗಿಯೇ ಹಾಕಿದ್ದರು. ದೋಷವನ್ನು ತೋರಿಸಿ ಮಾರುವವರಿಗೆ ನಾಲ್ಕು ಕಾಸು ಹೆಚ್ಚು ಕೊಡಲು ನನಗೆ ಬೇಜಾರಿಲ್ಲ. ನಾನು ಕೊಳ್ಳುತ್ತಿರುವುದರಲ್ಲಿ ಅರ್ಧ ಅವರ ಪರೀಕ್ಷೆಯನ್ನೇ.

ಮೆಮೊರಿ ಕಾರ್ಡನ್ನು ಮಾತ್ರ ಹಳೆಯದು ಮುಟ್ಟುವುದಿಲ್ಲ. ಅದು ಎಷ್ಟು ಬರೆದು ಅಳಿಸಿದೆ ಎಂದು ಹೊರಗಿನಿಂದ ತಿಳಿಯುವ ದಾರಿಯಿಲ್ಲ. ಪವರ್ ಒತ್ತಿದರೆ ಲೆನ್ಸ್ ಹೊರಚಾಚುವ ಪುಟ್ಟ ಕ್ಯಾಮೆರಾಗಳೂ ಬೇಡ; ಆ ಸಣ್ಣ ಹಲ್ಲಿನ ಚಕ್ರಗಳಿಗೆ ಮರಳ ಕಣ ಒಂದು ಸಾಕು.

ಬ್ಯಾಟರಿ ವಿಷಯ ಬಾಕಿ ಇದೆ. ಮೆನುವಿನ ಬ್ಯಾಟರಿ ಮಾಹಿತಿಯಲ್ಲಿ ಅದರ ವಯಸ್ಸು 0ಯಿಂದ 4ರವರೆಗೆ ಬರುತ್ತದೆ, 4 ಅಂದರೆ ಆಯಸ್ಸು ಮುಗಿದಂತೆ. ಇದರದ್ದು 3. ನಾಳೆ ಹೊಸ ಇಎನ್-ಇಎಲ್15 ತರಿಸಬೇಕು, ಅಸಲಿಯನ್ನೇ. ಅದು ಬಂದ ಮೇಲೆ ಒಂದು ವಾರ ಕ್ಯಾಮೆರಾಗೆ ಬಿಡುವಿಲ್ಲ: ಉದ್ದದ ಬರ್ಸ್ಟ್ (ಬಿಡದೆ ಒಂದೇ ಸಮ ಕ್ಲಿಕ್), ಬಿಸಿಲಲ್ಲಿ ವಿಡಿಯೊ, ಮಬ್ಬು ಬೆಳಕಿನಲ್ಲಿ ಫೋಕಸ್, ಎರಡೂ ಕಾರ್ಡ್ ಸ್ಲಾಟ್. ಕೈಕೊಡುವುದಿದ್ದರೆ ಗ್ಯಾರಂಟಿ ಇರುವಾಗಲೇ ಕೊಡಲಿ.